ಪೊಟರೆಯಿಂದ ಪೆಟ್ಟಿಗೆಗೆ

ಇಂದು ಬೆಂಗಳೂರು, ಮೈಸೂರುಗಳ ಎಷ್ಟೋ ಮನೆಗಳ ಮೊಗಸಾಲೆಯಲ್ಲಿ ತಂತಿಯ ಪಂಜರದೊಳಗೆ ಕುಳಿತು, ಹಳದಿಯ ಜುಟ್ಟನ್ನು ನಿಮಿರಿಸಿ, ಕೆನ್ನೆಯ ಮೇಲಣ ಕಿತ್ತಳೆಯ ಬೊಟ್ಟನ್ನು ಮೆರೆಯಿಸುತ್ತ ಸಿಳ್ಳುಹಾಕುವ ಕಾಕಟೀಲ್ ಹಕ್ಕಿಯನ್ನು ನೋಡಿದವರಿಗೆ, ಅದರ ಪೂರ್ವಿಕರು ಆಸ್ಟ್ರೇಲಿಯದ ಒಳನಾಡಿನ ಕೆಮ್ಮಣ್ಣಿನ ಬಯಲುಗಳಲ್ಲಿ ಮಳೆಯ ಜಾಡನ್ನು ಹಿಡಿದು ಅಲೆಯುತ್ತಿದ್ದ ಅಲೆಮಾರಿಗಳೆಂಬುದು ತಟ್ಟನೆ ಹೊಳೆಯುವುದಿಲ್ಲ. ಕಾಕಟೂ ವಂಶದಲ್ಲಿ ಇದೇ ಅತ್ಯಂತ ಕಿರಿದು. ತೂಗಿದರೆ ನೂರು ಗ್ರಾಮಿನ ಆಸುಪಾಸು. ಬಲೆಗೆ ಬಿದ್ದ ಪಕ್ಷಿಗಳು ಲೋಕದಲ್ಲಿ ಅಸಂಖ್ಯಾತವಾಗಿರುವಾಗ ಕೆಲವು ಮಾತ್ರ ತಲೆಮಾರುಗಳ ತನಕ ಮನುಷ್ಯನ ಮನೆಯಲ್ಲಿ ಉಳಿದುವಷ್ಟೆ. ಈ ಹಕ್ಕಿ ಹಾಗೆ ಉಳಿದುದಕ್ಕೆ ಕಾರಣವೇನೆಂದು ಹಿಂದಿನ ಕಥೆಯನ್ನು ಕೆದಕಿದರೆ, ಬೇಟೆಗಾರನ ಚಾತುರ್ಯಕ್ಕಿಂತ ಹೆಚ್ಚಾಗಿ, ಕತ್ತಲೆಯ ಒಂದು ಗೂಡನ್ನು ಒದಗಿಸಿ ಆ ಬಳಿಕ ಕೈಕಟ್ಟಿ ಕಾಯಬಲ್ಲವರ ತಾಳ್ಮೆಯೇ ಎದ್ದುಕಾಣುತ್ತದೆ.

1792ರಲ್ಲಿ ರಾಬರ್ಟ್ ಕೆರ್ ಇದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದಾಗ ಆಸ್ಟ್ರೇಲಿಯಕ್ಕೆ ‘ನ್ಯೂ ಹಾಲೆಂಡ್’ ಎಂಬ ಹೆಸರೇ ರೂಢಿಯಲ್ಲಿದ್ದುದರಿಂದ ‘ಹಾಲಾಂಡಿಕಸ್’ ಎಂಬ ವಿಶೇಷಣ ಇದಕ್ಕೆ ಅಂಟಿಕೊಂಡಿತು. ನಲವತ್ತು ವರ್ಷಗಳ ತರುವಾಯ, 1832ರಲ್ಲಿ, ಜರ್ಮನಿಯ ವಾಗ್ಲರನು ಗ್ರೀಕರ ವನದೇವತೆಯರನ್ನು ನೆನೆದು ‘ನಿಂಫಿಕಸ್’ ಎಂಬ ಕುಲನಾಮವನ್ನಿತ್ತನು. ಜನರ ಬಾಯಿಯ ಹೆಸರು ಬಂದ ಹಾದಿಯೇ ಬೇರೆ. ಮಲಯ ಭಾಷೆಯ ‘ಕಾಕಾತುವ’ ಶಬ್ದವು ಪೋರ್ಚುಗೀಸರ, ಡಚ್ಚರ ನಾಲಗೆಗಳಲ್ಲಿ ಹೊರಳಿ, ‘ಪುಟ್ಟ ಕಾಕಟೂ’ ಎಂಬ ಅರ್ಥವನ್ನು ತಳೆದು, ಲಂಡನ್ನಿನ ಹಡಗುಕಟ್ಟೆಗಳ ಬಳಿ ಪ್ರಾಣಿಗಳ ವ್ಯಾಪಾರ ನಡೆಸುತ್ತಿದ್ದ ಚಾರ್ಲ್ಸ್ ಜ್ಯಾಮ್‌ರಾಕ್‌ನ ಅಂಗಡಿಯಲ್ಲಿ ‘ಕಾಕಟೀಲ್’ ಆಯಿತೆಂದು ಹೇಳುತ್ತಾರೆ. ನಾವಿಕರೂ ವರ್ತಕರೂ ಕೂಡಿ ಕಟ್ಟಿದ ಆ ಪದವೇ ಇಂದು ನಮ್ಮ ಪೇಟೆಯಲ್ಲಿಯೂ ಚಲಾವಣೆಯಲ್ಲಿದೆ.

ಈ ಪಕ್ಷಿಯ ನೆಲೆಯನ್ನು ಕಣ್ಣಾರೆ ಕಂಡು ಬರೆದವರಲ್ಲಿ ಜಾನ್ ಗೌಲ್ಡನು ಪ್ರಮುಖನು. 1838ರಲ್ಲಿ ಪತ್ನಿ ಎಲಿಜಬೆತ್‌ಳೊಡನೆ ಆಸ್ಟ್ರೇಲಿಯಕ್ಕೆ ಹೊರಟ ಆತನು, ನ್ಯೂ ಸೌತ್ ವೇಲ್ಸಿನ ಒಳನಾಡಿನಲ್ಲಿ ಸಂಚರಿಸುವಾಗ, ಕಾಳನ್ನು ಹೆಕ್ಕುವ ಈ ಹಕ್ಕಿಗಳಿಂದ ನೆಲವೇ ಮುಚ್ಚಿಹೋದುದನ್ನೂ, ನೀರಿರುವ ಕಡೆ ನೀಲಗಿರಿ ಜಾತಿಯ ಮರಗಳ ಒಣಕೊಂಬೆಗಳ ಮೇಲೆ ಅವು ನೂರುಗಟ್ಟಲೆ ಕುಳಿತುದನ್ನೂ ಕಂಡನು. ಗಂಡಹೆಂಡಿರು 1840ರಲ್ಲಿ ಇಂಗ್ಲೆಂಡಿಗೆ ಮರಳಿದಾಗ ಅವರ ಸಾಮಾನುಗಳೊಡನೆ ಜೀವಂತ ಬಜರಿಗರ್ ಹಕ್ಕಿಗಳೂ ಬಂದುವು. ಕಾಕಟೀಲ್‌ಗಳಾದರೋ ಮುಂದಿನ ದಶಕಗಳಲ್ಲಿ ಹಾಯಿಹಡಗುಗಳ ಮೂಲಕ ಯೂರೋಪಿನ ಬಂದರುಗಳನ್ನು ಸೇರತೊಡಗಿದುವು. ಆ ಪ್ರಯಾಣಕ್ಕೆ ಮೂರು ನಾಲ್ಕು ತಿಂಗಳು ಹಿಡಿಯುತ್ತಿತ್ತು. ಇಕ್ಕಟ್ಟಾದ ಪೆಟ್ಟಿಗೆಗಳಲ್ಲಿ, ಸಮಭಾಜಕ ವೃತ್ತದ ಸೆಕೆಯನ್ನೂ ದಕ್ಷಿಣ ಸಮುದ್ರದ ಚಳಿಯನ್ನೂ ಒಂದೇ ಯಾತ್ರೆಯಲ್ಲಿ ಸಹಿಸಿ, ದಾರಿಯಲ್ಲಿ ಸತ್ತ ಹಕ್ಕಿಗಳ ಲೆಕ್ಕವನ್ನು ಯಾರೂ ಇಟ್ಟಂತೆ ತೋರುವುದಿಲ್ಲ. ಪಂಜರದ ಹಕ್ಕಿಯನ್ನು ಪ್ರೀತಿಸುವವರು ಆ ಸಾವುಗಳನ್ನು ಮರೆಯಬಾರದೆಂದು ನನ್ನ ಭಾವನೆ.

ಬದುಕಿ ಬಂದ ಹಕ್ಕಿಗಳು ಪರನಾಡಿನಲ್ಲಿ ಸಂತಾನವನ್ನು ಬೆಳೆಸಿದುದಕ್ಕೆ ಅವುಗಳ ತಾಯ್ನಾಡಿನ ಬಾಳೇ ಕಾರಣವಾಯಿತು. ಋತುಚಕ್ರವನ್ನು ನೆಚ್ಚಿದ ಪಕ್ಷಿಯಾಗಿದ್ದರೆ ಉತ್ತರ ಗೋಲಾರ್ಧದ ತಿರುಗುಮುರುಗಾದ ಮಾಸಗಳಲ್ಲಿ ಅದರ ದೇಹಕ್ಕೆ ದಿಕ್ಕು ತಪ್ಪುತ್ತಿತ್ತು. ಆದರೆ ಕಾಕಟೀಲ್ ಕಾಯುವುದು ತಿಂಗಳನ್ನಲ್ಲ, ಮಳೆಯನ್ನು. ಮಳೆ ಬಿದ್ದು ಹುಲ್ಲು ತೆನೆಗಟ್ಟಿದಾಗ ನೀರಿನ ಬಳಿಯ ಮರದ ಪೊಟರೆಯನ್ನು ಹುಡುಕಿ ಮೊಟ್ಟೆಯಿಡುವುದು ಅದರ ಧರ್ಮ. ನೀರು, ಕಾಳು, ಕತ್ತಲೆ ಇವು ಮೂರೂ ಒದಗಿದ ಕಡೆ ಅದಕ್ಕೆ ಮಳೆಗಾಲವೇ. ನೀರನ್ನೂ ಕಾಳನ್ನೂ ಸಾಕುವವರು ಮೊದಲಿನಿಂದಲೂ ಕೊಡುತ್ತಿದ್ದರು. ಪೊಟರೆಯ ಬದಲಿಗೆ ದುಂಡು ಕಂಡಿಯ ಮರದ ಪೆಟ್ಟಿಗೆಯನ್ನು ಪಂಜರಕ್ಕೆ ಕಟ್ಟಿ, ತಳದಲ್ಲಿ ಮರದ ಹೊಟ್ಟನ್ನು ಹರಡಿದಾಗ ಮೂರನೆಯದೂ ದೊರೆಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯೂರೋಪಿನ ಪಕ್ಷಿಪ್ರಿಯರು ಇದನ್ನು ಮನೆಮನೆಗಳಲ್ಲಿ ಮರಿಮಾಡಿಸುತ್ತಿದ್ದರು. 1884ರಿಂದ ಲಂಡನ್ನಿನಲ್ಲಿ ಪ್ರಕಟವಾದ ಡಬ್ಲ್ಯು. ಟಿ. ಗ್ರೀನನ ಗಿಳಿಗಳ ಗ್ರಂಥದ ಕಾಲಕ್ಕೆ ಇದು ಪಂಜರದ ಪರಿಚಿತ ನಿವಾಸಿಯಾಗಿತ್ತು.

ಆ ಪೆಟ್ಟಿಗೆಯೊಳಗೆ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹೆಣ್ಣು ದಿನ ಬಿಟ್ಟು ದಿನ ಒಂದೊಂದರಂತೆ ನಾಲ್ಕರಿಂದ ಏಳರವರೆಗೆ ಮೊಟ್ಟೆಗಳನ್ನಿಡುತ್ತದೆ. ಒಂದೊಂದೂ ನೇರಳೆಹಣ್ಣಿನಷ್ಟು ಗಾತ್ರದ್ದು, ಸುಣ್ಣದಷ್ಟು ಬಿಳುಪು. ಗಿಳಿಗಳ ಬಳಗದಲ್ಲಿ ಬಹುಮಟ್ಟಿಗೆ ಕಾವು ಕೂರುವುದು ಹೆಣ್ಣಿನ ಪಾಲಿನ ಕೆಲಸವಾಗಿದ್ದರೆ, ಇಲ್ಲಿ ಹಗಲೆಲ್ಲ ಗಂಡು ಕೂರುತ್ತದೆ, ಇರುಳೆಲ್ಲ ಹೆಣ್ಣು. ಸಂಜೆಯ ಬೆಳಕು ಮಾಸುವ ಹೊತ್ತಿಗೆ ಗಂಡು ಕಂಡಿಯಿಂದ ತಲೆ ಹೊರಚಾಚಿ, ಕೊಂಬೆಗೆ ಜಿಗಿದು, ಗರಿಗಳನ್ನು ಕೊಡವಿ ರೆಕ್ಕೆ ಚಾಚುವುದೂ, ಮೊಟ್ಟೆ ತಣ್ಣಗಾಗುವ ಮುನ್ನವೇ ಹೆಣ್ಣು ಒಳಸೇರುವುದೂ, ಯಾವ ಗಡಿಯಾರದ ಆಜ್ಞೆಯೂ ಇಲ್ಲದೆ ದಿನವೂ ನಡೆಯುತ್ತದೆ. ಐದಾರು ದಿನಗಳಾದ ಬಳಿಕ ಕತ್ತಲೆಯ ಕೋಣೆಯಲ್ಲಿ ಮೊಟ್ಟೆಯನ್ನು ಬೆಳಕಿಗೆ ಹಿಡಿದರೆ, ಜೀವವುಳ್ಳುದರಲ್ಲಿ ಕೆಂಪು ನಾಳಗಳು ಜೇಡರ ಬಲೆಯಂತೆ ಹರಡಿಕೊಂಡಿರುವುದೂ ನಡುವೆ ಒಂದು ಚುಕ್ಕೆ ಮಿಡಿಯುವುದೂ ಕಾಣುತ್ತದೆ. ಗೊಡ್ಡು ಮೊಟ್ಟೆ ಬರಿಯ ಹಳದಿಯಾಗಿ ಬೆಳಗುತ್ತದೆ. ಅರಿಸ್ಟಾಟಲನು ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆ ಕೋಳಿಯ ಮೊಟ್ಟೆಯಲ್ಲಿ ರಕ್ತಬಿಂದುವಿನಂತೆ ಮಿಡಿಯುವ ಹೃದಯವನ್ನು ವರ್ಣಿಸಿದ್ದಾನೆ. ಅಂಥದೇ ಮಿಡಿತವನ್ನು ಚಿಪ್ಪು ಒಡೆಯದೆ ನೋಡುವ ಭಾಗ್ಯವನ್ನು ಪಕ್ಷಿಪಾಲಕರಿಗೆ ಒಂದು ಮೇಣದಬತ್ತಿ ಕೊಟ್ಟಿತು.

ಪಂಜರದಲ್ಲಿಯೇ ತಲೆಮಾರುಗಳು ಕಳೆದಂತೆ, ಕಾಡಿನಲ್ಲಿ ಗಿಡುಗನ ಕಣ್ಣಿಗೆ ಬಿದ್ದು ಅಳಿಯಬಹುದಾಗಿದ್ದ ಬಣ್ಣಗಳೂ ಬದುಕಿ ಉಳಿದುವು. 1949ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಮಚ್ಚೆಮಚ್ಚೆಯ ತಳಿಯೂ, 1958ರಲ್ಲಿ ಫ್ಲಾರಿಡಾದಲ್ಲಿ ಕೆಂಗಣ್ಣಿನ ಬಿಳಿಹಳದಿಯ ಲುಟಿನೋ ತಳಿಯೂ ಕಾಣಿಸಿಕೊಂಡುವು. 1960ರಲ್ಲಿ ಆಸ್ಟ್ರೇಲಿಯವು ತನ್ನ ವನ್ಯಜೀವಿಗಳ ರಫ್ತನ್ನು ನಿಲ್ಲಿಸಿದಾಗ ಈ ಹಕ್ಕಿಯ ಮಟ್ಟಿಗೆ ಯಾರಿಗೂ ಕೊರತೆಯಾಗಲಿಲ್ಲ. ಅಷ್ಟು ಹೊತ್ತಿಗೆ ಕಾಡಿನ ಹಂಗು ಹರಿದು, ಪೆಟ್ಟಿಗೆಯಲ್ಲಿ ಹುಟ್ಟಿದುದೇ ಪೆಟ್ಟಿಗೆಯಲ್ಲಿ ಹೆರುತ್ತಿತ್ತು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಿ ತಿದ್ದುಪಡಿಯಾಗಿ, ನಾಡಗಿಳಿಯನ್ನು ಹಿಡಿದು ಮಾರುವ ದಾರಿ ಮುಚ್ಚಿದುದು ನ್ಯಾಯವೇ ಸರಿ. ಶತಮಾನಗಳಿಂದ ಗಿಳಿಯ ಪಂಜರವಿದ್ದ ಜಗುಲಿಗಳಲ್ಲಿ ಕಾಕಟೀಲ್ ನೆಲೆಗೊಂಡಿತು. ನಮ್ಮ ನವಣೆಯನ್ನೇ ತಿಂದು, ನಮ್ಮ ಪೇಟೆಯ ಸಮುದ್ರಫೇನದಲ್ಲಿಯೇ ಕೊಕ್ಕು ಮಸೆದು, ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣವನ್ನು ಪಡೆಯಿತು.

ನನ್ನ ಮನೆಯಲ್ಲಿ ಮೊದಲ ಜೋಡಿ ಕಾವು ಕೂತ ವರ್ಷ ಒಂದು ತಪ್ಪು ನಡೆಯಿತು. ಕಾವು ಹಿಡಿದ ಹದಿನೆಂಟರಿಂದ ಇಪ್ಪತ್ತೊಂದನೆಯ ದಿನದೊಳಗೆ ಮರಿ ಹೊರಬರಬೇಕು. ಹತ್ತೊಂಬತ್ತನೆಯ ದಿನ ಒಂದು ಮೊಟ್ಟೆಯ ಮೇಲೆ ನಕ್ಷತ್ರದಾಕಾರದ ಬಿರುಕು ಮೂಡಿ, ಒಳಗಿನಿಂದ ಕ್ಷೀಣವಾದ ಕೀಚಲು ದನಿ ಕೇಳಿಸಿತು. ಮರುದಿನ ಬೆಳಗಾದರೂ ಬಿರುಕು ಬೆಳೆಯದಿರಲು, ಮರಿಗೆ ಬಲ ಸಾಲದೆಂದು ಬಗೆದು, ನಾನು ಉಗುರಿನಿಂದ ಚಿಪ್ಪನ್ನು ಸುಲಿದೆನು. ಪೊರೆಯ ನಾಳಗಳಲ್ಲಿ ರಕ್ತವಿನ್ನೂ ಹರಿಯುತ್ತಿತ್ತು. ಹಳದಿಯ ಲೋಳೆ ಹೊಟ್ಟೆಯೊಳಕ್ಕೆ ಪೂರ್ತಿ ಸೇರಿರಲಿಲ್ಲ. ಬಿರುಕಿಟ್ಟ ತರುವಾಯ ಒಂದೆರಡು ದಿನ ಮರಿ ಸುಮ್ಮನಿರುವುದು ದಣಿವಿನಿಂದಲ್ಲ, ಆ ರಕ್ತವನ್ನೂ ಲೋಳೆಯನ್ನೂ ಒಳಗೆಳೆದುಕೊಳ್ಳುವುದಕ್ಕಾಗಿ ಎಂಬುದನ್ನು ನಾನು ತಿಳಿದುದು ಅದು ಅಂಗೈಯಲ್ಲಿ ಸತ್ತ ಮೇಲೆ. ಐನೂರು ವರ್ಷ ಕಾದೂ ತಾಳಲಾರದೆ ಮೊಟ್ಟೆಯೊಡೆದು, ತೊಡೆಗಳಿಲ್ಲದ ಅರುಣನನ್ನು ಕಂಡು ಮಗನಿಂದಲೇ ಶಾಪ ಪಡೆದ ವಿನತೆಯ ಕಥೆಯನ್ನು ಬಾಲ್ಯದಿಂದ ಎಷ್ಟು ಸಲ ಕೇಳಿದ್ದೆನೋ! ಅವಳ ಸಂಕಟವೇನೆಂದು ಅಂದು ಅರಿವಾಯಿತು.

ಮುಂದಿನ ವರ್ಷ ಅದೇ ಜೋಡಿ ಐದು ಮೊಟ್ಟೆಗಳನ್ನಿಟ್ಟಿತು. ಮೊದಲನೆಯ ಬಿರುಕು ಕಂಡ ದಿನ ಪೆಟ್ಟಿಗೆಯ ಮುಚ್ಚಳ ಮುಚ್ಚಿದವನು ಮತ್ತೆ ಅದನ್ನು ಮುಟ್ಟಲಿಲ್ಲ. ಸಂಜೆ ಗಂಡು ಹೊರಬಂದು ಗರಿ ಕೊಡವಿತು, ಹೆಣ್ಣು ಒಳಹೊಕ್ಕಿತು, ಮರುದಿನವೂ ಹಾಗೆಯೇ. ಮೂರನೆಯ ಬೆಳಗ್ಗೆ ಪಂಜರದ ತಳದಲ್ಲಿ, ನವಣೆಯ ಹೊಟ್ಟಿನ ನಡುವೆ, ಅಂಚು ನೀಟಾಗಿ ಕತ್ತರಿಸಿದ ಅರ್ಧ ಚಿಪ್ಪು ಬಿದ್ದಿತ್ತು.