ಕಾನೂನು ಮತ್ತು ನ್ಯಾಯಾಂಗ: ಮಸ್ಕಿ, ಲಿಂಗಸುಗೂರು, ಸಿಂಧನೂರಿನ ನೆಲೆಯಿಂದ

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಬಿದ್ದ ಕಿರುಶಾಸನ, ‘ದೇವಾನಾಂಪ್ರಿಯ’ ಎಂಬ ಬಿರುದಿನ ಅರಸ ಅಶೋಕನೇ ಎಂಬುದನ್ನು ಖಚಿತಪಡಿಸಿತು. ಕಾನೂನಿನ ವಿದ್ಯಾರ್ಥಿಗೆ ಅದು ಇನ್ನೊಂದು ಕಾರಣಕ್ಕೆ ಮುಖ್ಯ. ಅರಸನ ಮಾತೇ ಆದರೂ ಅದರಲ್ಲಿ ದಂಡನೆಯಿಲ್ಲ, ವಿಚಾರಣೆಯ ದಾರಿಯಿಲ್ಲ; ಧರ್ಮದಲ್ಲಿ ತೊಡಗಿದರೆ ಸಾಮಾನ್ಯನೂ ಮೇಲೇರಬಲ್ಲ ಎಂಬ ಬೋಧೆಯಷ್ಟೇ ಇದೆ. ಇಂದಿನ ಅರ್ಥದ ಕಾನೂನಿಗೆ ಇಷ್ಟು ಸಾಲದು. ಮೀರಿದರೆ ಏನಾಗುತ್ತದೆಂಬ ನಿಯಮ ಬೇಕು, ಮೀರಲಾಗಿದೆಯೇ ಎಂದು ತೀರ್ಮಾನಿಸಲು ಮೂರನೆಯವರೊಬ್ಬರು ಬೇಕು. ಆ ಮೂರನೆಯವರು ಆಡಳಿತದಿಂದ ಎಷ್ಟು ಬೇರೆ ನಿಂತಿದ್ದಾರೆ ಎಂಬುದೇ ನ್ಯಾಯಾಂಗದ ನಿಜವಾದ ಅಳತೆ. ನ್ಯಾಯಾಲಯ ಎಷ್ಟು ಹತ್ತಿರವಿದೆ ಎಂಬುದು ಆಮೇಲಿನ ಮಾತು.

1905ರವರೆಗೆ ಜಿಲ್ಲಾ ಕೇಂದ್ರವಾಗಿದ್ದ ಲಿಂಗಸುಗೂರು ಸೇರಿದಂತೆ ಈ ಸೀಮೆಯೆಲ್ಲ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಅಲ್ಲಿ ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸುವ ಫರ್ಮಾನು 1921ರಲ್ಲೇ ಹೊರಟಿತು. ಅದೇ ಗುರಿಯನ್ನು ಭಾರತದ ಸಂವಿಧಾನ 50ನೆಯ ಅನುಚ್ಛೇದದಲ್ಲಿ ಹೇಳಿದ್ದು ಆ ಬಳಿಕ. ಆದರೆ ನಿಜಾಮರ ಮಾತಿನ ಮೇಲೆ ಮೇಲ್ಮನವಿ ಎಂಬುದೇ ಇರಲಿಲ್ಲ. ಕೆಳಗೆ ಬೇರ್ಪಟ್ಟ ಅಧಿಕಾರಗಳು ಮೇಲೆ ಒಬ್ಬನಲ್ಲೇ ಕೂಡಿದ್ದವು.

ಇಂದೂ ಬೇರ್ಪಡೆ ಪೂರ್ಣವಲ್ಲ. ಲಿಂಗಸುಗೂರಿನ ಉಪವಿಭಾಗಾಧಿಕಾರಿ, ಜನರ ಮಾತಿನಲ್ಲಿ ಎ.ಸಿ. ಸಾಹೇಬರು, ಆಡಳಿತಗಾರರೂ ಹೌದು, ಪಹಣಿ ತಿದ್ದುಪಡಿಯ ಮೇಲ್ಮನವಿ ಕೇಳುವವರೂ ಹೌದು, ಕಾರ್ಯಾಂಗದ ಮ್ಯಾಜಿಸ್ಟ್ರೇಟರೂ ಹೌದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 164ನೆಯ ಕಲಂ ಪ್ರಕಾರ, ಜಮೀನು ಅಥವಾ ನೀರಿನ ಜಗಳದಿಂದ ಶಾಂತಿ ಕದಡುವಂತಿದ್ದರೆ ಇಂಥ ಮ್ಯಾಜಿಸ್ಟ್ರೇಟರು ವಿಚಾರಣೆ ನಡೆಸಬಹುದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನೇ ನಂಬಿ ಭತ್ತ ನಾಟಿ ಮಾಡುವ ಸಿಂಧನೂರಿನಂಥ ತಾಲ್ಲೂಕಿನಲ್ಲಿ ಇದು ಕಾಗದದ ಮೇಲಿನ ಅಧಿಕಾರವಲ್ಲ. ಆದರೂ ಅವರು ನೋಡುವುದು ಸ್ವಾಧೀನ ಯಾರದೆಂಬುದನ್ನು ಮಾತ್ರ, ಹಕ್ಕು ಯಾರದೆಂಬುದನ್ನಲ್ಲ. ಪಹಣಿಯೂ ಹಾಗೆಯೇ: 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೆಯ ಕಲಂ ಅದರ ನಮೂದನ್ನು, ತಪ್ಪೆಂದು ಸಾಬೀತಾಗುವವರೆಗೆ ಮಾತ್ರ, ಸರಿಯೆಂದು ಭಾವಿಸುತ್ತದೆ. ಮಾಲೀಕತ್ವದ ತಕರಾರು ಇತ್ಯರ್ಥವಾಗಬೇಕಾದದ್ದು ಸಿವಿಲ್ ನ್ಯಾಯಾಲಯದಲ್ಲಿ.

ಸಿವಿಲ್ ದಾವೆ ವರ್ಷಗಟ್ಟಲೆ ಎಳೆಯುತ್ತದೆ, ಕಂದಾಯ ಕಚೇರಿಯಲ್ಲಿ ಕೆಲಸ ಬೇಗ ಆಗುತ್ತದೆ, ಅಲ್ಲೇ ಮುಗಿಸಬಾರದೇಕೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ, ವಿಳಂಬವೂ ಅನ್ಯಾಯವೇ. ಆದರೆ ಸರ್ಕಾರವೇ ಎದುರು ಪಕ್ಷವಾದ ಜಮೀನಿನಲ್ಲಿ, ಸರ್ಕಾರ ನಾಳೆ ವರ್ಗಾಯಿಸಬಹುದಾದ ಅಧಿಕಾರಿಯೇ ಕೊನೆಯ ತೀರ್ಪು ಕೊಡುವುದಾದರೆ ಆ ವೇಗದಿಂದ ರೈತನಿಗೆ ಆಗುವ ಲಾಭವೇನು? ತಾಲ್ಲೂಕಿನ ಸಿವಿಲ್ ನ್ಯಾಯಾಧೀಶರು ಹಾಗಲ್ಲ. 235ನೆಯ ಅನುಚ್ಛೇದದ ಮೇರೆಗೆ ಅವರ ವರ್ಗಾವಣೆ, ಬಡ್ತಿಗಳ ಹಿಡಿತ ಹೈಕೋರ್ಟಿನದು.

ದೂರದ ತೊಂದರೆ ಸ್ವಲ್ಪ ತಗ್ಗಿದೆ. ಹಿಂದೆ ಹೈಕೋರ್ಟಿಗೆ ಬೆಂಗಳೂರಿಗೇ ಹೋಗಬೇಕಿತ್ತು. 2008ರಲ್ಲಿ ಕಲಬುರಗಿಯಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಖರ್ಚಿನ ಮಾತಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಇದೆ: ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. ಇದೇ ಕಾಯ್ದೆಯ ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದಕ್ಕೆ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ಎರಡೂ ಕಡೆಯವರು ಒಪ್ಪದಿದ್ದರೆ ಪ್ರಕರಣ ಮತ್ತೆ ನ್ಯಾಯಾಧೀಶರ ಮುಂದೆಯೇ ಬರುತ್ತದೆ.