ಹಾಸನ ಸೀಮೆಯಲ್ಲಿ ಕಿವಿ, ಮೂಗು, ಗಂಟಲು ಚಿಕಿತ್ಸೆಯ ಇತಿಹಾಸ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಕಿವಿ ಸೋರುವುದು, ಕಿವುಡು, ಸೈನಸ್ ತೊಂದರೆ, ಟಾನ್ಸಿಲ್ ಊತ, ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಮೊದಲಾದ ಕಾಯಿಲೆಗಳಿಗೆ ಚಿಕಿತ್ಸೆ ಬೆಳೆದುಬಂದ ಬಗೆ ಈ ಲೇಖನದ ವಿಷಯ. ಈ ಕಾಯಿಲೆಗಳಲ್ಲಿ ಬಹುಪಾಲು ಬೇಗ ಗುರುತಿಸಿದರೆ ವಾಸಿಯಾಗುವಂಥವು ಅಥವಾ ಹತೋಟಿಗೆ ಬರುವಂಥವು. ಆದ್ದರಿಂದ ವೈದ್ಯರು ಹಳ್ಳಿಗೆ ಎಷ್ಟು ಹತ್ತಿರ ಬಂದರು ಎಂಬುದೇ ಇಲ್ಲಿನ ಮುಖ್ಯ ಸಂಗತಿ.

ಹಿನ್ನೆಲೆ

ಸುಶ್ರುತ ಸಂಹಿತೆ 28 ಕರ್ಣರೋಗಗಳನ್ನೂ 31 ನಾಸಾರೋಗಗಳನ್ನೂ ಎಣಿಸುತ್ತದೆ. ತುಂಡಾದ ಮೂಗನ್ನು ಚರ್ಮದಿಂದ ಮತ್ತೆ ರೂಪಿಸುವ ಕ್ರಮವನ್ನು ವಿವರಿಸುತ್ತದೆ. ಕನ್ನಡದಲ್ಲಿ ಜಗದ್ದಳ ಸೋಮನಾಥ 12ನೆಯ ಶತಮಾನದಲ್ಲಿ, ಪೂಜ್ಯಪಾದನ ಗ್ರಂಥವನ್ನು ಆಧರಿಸಿ, ಮದ್ಯ, ಮಾಂಸ, ಜೇನನ್ನು ಬಿಟ್ಟ ಜೈನ ವೈದ್ಯಗ್ರಂಥ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ರಚಿಸಿದ. ಹಾಸನದ ಬಳಿಯ ಮೊಸಳೆ ಗ್ರಾಮದ ನಾಗೇಶ್ವರ, ಚೆನ್ನಕೇಶವ ಜೋಡಿ ಗುಡಿಗಳು ಎದ್ದದ್ದು ಸು. 1200ರಲ್ಲಿ, ಆ ವೇಳೆಗಾಗಲೇ ಕನ್ನಡಕ್ಕೆ ತನ್ನದೇ ವೈದ್ಯ ಸಾಹಿತ್ಯವಿತ್ತು.

ಮೂಗಿನ ಶಸ್ತ್ರಚಿಕಿತ್ಸೆಯ ಜಾಗತಿಕ ಚರಿತ್ರೆಯಲ್ಲಿ ಮೈಸೂರಿನ ಹೆಸರೂ ಸೇರಿದೆ. 1792ರ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕ ಕವಾಸಜಿ ಎಂಬ ಎತ್ತಿನ ಗಾಡಿಯವನ ಮೂಗನ್ನು ಕತ್ತರಿಸಲಾಗಿತ್ತು. ಪುಣೆಯ ಕಡೆಯ ಒಬ್ಬ ನಾಟಿ ಶಸ್ತ್ರವೈದ್ಯ ಹಣೆಯ ಚರ್ಮವನ್ನು ತಿರುಗಿಸಿ ಅವನಿಗೆ ಮೂಗು ಕಟ್ಟಿಕೊಟ್ಟ. 1794ರಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಈ ವರದಿಯನ್ನು ಪ್ರಕಟಿಸಿದ ಮೇಲೆ ಯೂರೋಪಿನ ವೈದ್ಯರು ಈ ವಿಧಾನವನ್ನು ಕಲಿತರು.

ಆಸ್ಪತ್ರೆಗಳ ಕಾಲ

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ತೆರೆಯಿತು. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಬಂತು. ಹಾಸನ ಪಟ್ಟಣದಲ್ಲಿ ವೆಸ್ಲಿಯನ್ ಮಿಷನ್ನಿನ ರೆಡ್‌ಫರ್ನ್ ಆಸ್ಪತ್ರೆಯೂ ಸರ್ಕಾರಿ ಆಸ್ಪತ್ರೆಯೂ ಸುತ್ತಲಿನ ಹಳ್ಳಿಗರಿಗೆ ಆಸರೆಯಾದವು. 1940ರ ದಶಕದಲ್ಲಿ ಪೆನಿಸಿಲಿನ್ ಬಳಕೆಗೆ ಬಂದ ಮೇಲೆ, ಕಿವಿಯ ಕೀವು ಹಿಂಬದಿಯ ಮೂಳೆಗೂ ಮಿದುಳಿಗೂ ಹರಡಿ ಸಾವು ತರುವುದು ಕಡಿಮೆಯಾಯಿತು. ಮಕ್ಕಳ ಉಸಿರುಗಟ್ಟಿಸುತ್ತಿದ್ದ ಗಂಟಲುಮಾರಿ, 1978ರ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ಡಿಪಿಟಿ ಚುಚ್ಚುಮದ್ದು ಸೇರಿದ ಬಳಿಕ ಅಪರೂಪವಾಗುತ್ತ ಬಂತು.

1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಸ್ಥಾಪನೆಯಾದದ್ದು ದೊಡ್ಡ ತಿರುವು. ಮೈಸೂರು–ಹಾಸನ ರೈಲು ಹೊಳೆನರಸೀಪುರ, ಮೊಸಳೆಹೊಸಹಳ್ಳಿಗಳ ಮೇಲೆ ಹಾದುಹೋಗುವುದರಿಂದ ಈ ಸೀಮೆಯವರಿಗೆ ಅದು ಕೈಗೆಟಕುವ ದೂರದಲ್ಲಿತ್ತು. 2006ರಲ್ಲಿ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾಗಿ, ಶ್ರೀ ಚಾಮರಾಜೇಂದ್ರ ಆಸ್ಪತ್ರೆ ಅದರ ಬೋಧಕ ಆಸ್ಪತ್ರೆಯಾಯಿತು.

ಕಿವಿ ಸೋರುವುದು

ಹಳ್ಳಿಗಳಲ್ಲಿ ಅತಿ ಸಾಮಾನ್ಯವಾದ, ಅತಿ ಹೆಚ್ಚು ಅಲಕ್ಷ್ಯಕ್ಕೊಳಗಾದ ತೊಂದರೆ ಇದು. ನೆಗಡಿಯ ಸೋಂಕು ಮೂಗಿನ ಹಿಂದಿನ ನಾಳದ ಮೂಲಕ ಮಧ್ಯಕಿವಿಗೆ ಏರುತ್ತದೆ. ಕೀವು ತುಂಬಿ ಕಿವಿಯ ತಮಟೆ ತೂತಾಗುತ್ತದೆ. ಚಿಕ್ಕ ಮಕ್ಕಳಲ್ಲಿ ಈ ನಾಳ ಗಿಡ್ಡವಾಗಿ, ಹೆಚ್ಚು ಅಡ್ಡಡ್ಡವಾಗಿ ಇರುವುದರಿಂದ ಅವರಿಗೇ ಕಾಟ ಹೆಚ್ಚು. ನೆಗಡಿಗೆ ದೊಡ್ಡಪತ್ರೆ ರಸ, ಮೆಣಸಿನ ಕಷಾಯ, ಬಿಸಿನೀರಿನ ಹಬೆ ಮನೆಮದ್ದಾಗಿ ಉಳಿದುಬಂದಿವೆ. ಆದರೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಸೋರುವ ಕಿವಿಗೆ ಬಿಡುವ ರೂಢಿ ಅಪಾಯಕಾರಿ: ತೂತಿನ ಮೂಲಕ ಅದು ಒಳಗಿಳಿದು ಸೋಂಕನ್ನು ಬೆಳೆಸುತ್ತದೆ.

ಪರೀಕ್ಷೆಯ ಮೊದಲ ಹೆಜ್ಜೆ ಸರಳ. ವೈದ್ಯರು ಶ್ರುತಿಕವೆಯನ್ನು ಮಿಡಿದು ಅದರ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತುತ್ತಾರೆ. ನಾದ ನಿಂತಿತೆಂದು ರೋಗಿ ಹೇಳಿದೊಡನೆ ಕಿವಿಯ ಮುಂದೆ ಹಿಡಿಯುತ್ತಾರೆ. ತಮಟೆ ಸರಿಯಿದ್ದರೆ ನಾದ ಮತ್ತೆ ಕೇಳುತ್ತದೆ. ತಮಟೆಯ ತೂತಿನಿಂದ ಶ್ರವಣ ಸಾಕಷ್ಟು ಕುಗ್ಗಿದ್ದರೆ ಕೇಳುವುದಿಲ್ಲ. 1950ರ ದಶಕದಲ್ಲಿ ಜರ್ಮನಿಯ ವುಲ್‌ಸ್ಟೈನ್ ಮತ್ತು ಝೋಲ್ನರ್ ತಮಟೆ ದುರಸ್ತಿಯ ಶಸ್ತ್ರಚಿಕಿತ್ಸೆಗೆ ಬುನಾದಿ ಹಾಕಿದರು. ಇಂದು ಕಿವಿಯ ಮೇಲಿನ ಸ್ನಾಯುವಿನ ಹೊದಿಕೆಯಿಂದ ತೆಗೆದ ತೆಳುಪೊರೆಯನ್ನು ಸೂಕ್ಷ್ಮದರ್ಶಕದಡಿ ತೂತಿಗೆ ಕೂರಿಸುವುದು ವಾಡಿಕೆ.

ತಂಬಾಕು ಮತ್ತು ಗಂಟಲು

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಹರಾಜು ಮಾರುಕಟ್ಟೆಯಿದೆ. ಬೆಳೆ ಅನೇಕ ಮನೆಗಳ ಜೀವನಾಧಾರ. ಬೀಡಿ, ಸಿಗರೇಟು, ಎಲೆಅಡಿಕೆಯೊಂದಿಗಿನ ಹೊಗೆಸೊಪ್ಪು ಬಾಯಿ ಮತ್ತು ಗಂಟಲಿನ ಕ್ಯಾನ್ಸರ್‌ಗೆ ಮುಖ್ಯ ಕಾರಣಗಳು. 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ರಾಜ್ಯದ ಪ್ರಮುಖ ಕ್ಯಾನ್ಸರ್ ಚಿಕಿತ್ಸಾ ಕೇಂದ್ರ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಮೂರು ವಾರ ಮೀರಿದ ಗೊಗ್ಗರು ದನಿ, ಮಾಯದ ಬಾಯಿಹುಣ್ಣು, ನುಂಗಲು ಕಷ್ಟ, ಇವಿದ್ದರೆ ತಡಮಾಡದೆ ತೋರಿಸಬೇಕು.

ಮಕ್ಕಳ ಶ್ರವಣ

ಅಕ್ಕನ ಮಗಳು, ಸೋದರಮಾವನ ಮಗಳನ್ನು ತಂದುಕೊಳ್ಳುವ ರೂಢಿ ಹುಟ್ಟುಕಿವುಡಿನ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಕಿವುಡುತನ ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 2007ರಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು. ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ ನೆರೆಯ ಅಕ್ಕಿಹೆಬ್ಬಾಳಿನ ಆರೋಗ್ಯ ಕೇಂದ್ರದಲ್ಲೂ ಸೇವೆ ನೀಡಿದೆ. ಶ್ರವಣಯಂತ್ರದಿಂದ ಫಲ ಕಾಣದ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್‌ಗೆ ಸರ್ಕಾರಿ ನೆರವಿದೆ. ಹುಟ್ಟಿದ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ಇಂದಿನ ಅಂತರರಾಷ್ಟ್ರೀಯ ಮಾನದಂಡ. ಈ ಅವಧಿಯಲ್ಲಿ ನೆರವು ಸಿಕ್ಕ ಮಗು ಮಾತು ಕಲಿತು ಊರಿನ ಶಾಲೆಯಲ್ಲೇ ಓದುವ ಸಾಧ್ಯತೆ ಹೆಚ್ಚು.