ಪರದೇಶದ ಕಂಚಿನ ದೇವರು

ಒಂದು ದೇಶದ ದೇವರ ವಿಗ್ರಹವು ಇನ್ನೊಂದು ದೇಶದ ನೆಲದಲ್ಲಿ ದೊರೆತ ಕೂಡಲೆ, ಆ ದೇವರ ಆರಾಧನೆಯೂ ಅಲ್ಲಿ ನಡೆದಿರಬೇಕೆಂದು ಊಹಿಸುವದು ಇತಿಹಾಸಾಭ್ಯಾಸಿಗಳಿಗೆ ಸಹಜವಾದ ಮೋಹವಾಗಿದೆ. ಆದರೆ ವಿಗ್ರಹಗಳು ಎರಡು ಬಗೆಯಿಂದ ದೇಶಾಂತರ ಹೋಗುತ್ತವೆ: ಭಕ್ತನ ಸಂಗಡ ಆರಾಧ್ಯ ಮೂರ್ತಿಯಾಗಿ, ಇಲ್ಲವೆ ವ್ಯಾಪಾರಿಯ ಸಂಗಡ ಸರಕಾಗಿ. ಇವೆರಡರೊಳಗೆ ಯಾವುದೆಂಬುದನ್ನು ವಿಗ್ರಹದ ಮುಖವು ಹೇಳಲಾರದು. ಅದು ಹುದುಗಿದ್ದ ನೆಲವೇ ಹೇಳಬೇಕು.

ಕಂಚಿನ ಚಿಕ್ಕ ದೇವಮೂರ್ತಿಗಳಿಗೆ ಪ್ರಾಚೀನ ಈಜಿಪ್ತ ದೇಶವು ತವರುಮನೆಯಂತಿತ್ತು. ಹರಕೆ ಹೊತ್ತವರು ಇಂಥ ಮೂರ್ತಿಗಳನ್ನು ದೇವಾಲಯಕ್ಕೆ ಒಪ್ಪಿಸುತ್ತಿದ್ದರು. ಅವು ರಾಶಿಯಾದಾಗ ಪೂಜಾರಿಗಳು ಅವನ್ನು ಪ್ರಾಕಾರದೊಳಗೇ ಹೂಳಿಡುತ್ತಿದ್ದರು. ಕಾರ್ನಾಕದ ಗುಡಿಯ ಅಂಗಳದಲ್ಲಿ 1903ರಿಂದ ಲೆಗ್ರೇನ್ ಎಂಬ ಫ್ರೆಂಚ್ ಪಂಡಿತನು ಅಗೆಯಿಸಿದಾಗ ಇಂಥವು ಸಾವಿರಗಟ್ಟಲೆ ಹೊರಬಿದ್ದವು. ಅವುಗಳನ್ನು ಎರಕ ಹೊಯ್ಯುವ ಕ್ರಮವು ನಮ್ಮವರಿಗೆ ಅಪರಿಚಿತವಲ್ಲ. ಮೇಣದಲ್ಲಿ ಮೂರ್ತಿಯನ್ನು ತಿದ್ದಿ, ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಹರಿಯಿಸಿ, ಆ ಬಯಲಿನಲ್ಲಿ ಕರಗಿದ ಲೋಹವನ್ನು ಹೊಯ್ಯುವದು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಇದೇ ವಿಧಾನವು ವಿವರವಾಗಿ ಹೇಳಲ್ಪಟ್ಟಿದೆ.

ಈಜಿಪ್ತದ ದೇವತೆಗಳಲ್ಲೊಬ್ಬನು ಭರತಖಂಡಕ್ಕೂ ಬಂದಿದ್ದನು. ಸರ್ ಜಾನ್ ಮಾರ್ಶಲ್‌ರು 1913ರಿಂದ 1934ರವರೆಗೆ ತಕ್ಷಶಿಲೆಯನ್ನು ಅಗೆಯಿಸುತ್ತಿದ್ದಾಗ, ಸಿರಕಪ್ ಎಂಬ ನಗರಭಾಗದಲ್ಲಿ ಒಂದು ಕಂಚಿನ ಶಿಶುಮೂರ್ತಿಯು ದೊರೆಯಿತು. ತಲೆಯ ಮೇಲೆ ಈಜಿಪ್ತದ ಜೋಡು ಕಿರೀಟ, ತುಟಿಯ ಬಳಿ ಬೆರಳು. ಇವನು ಐಸಿಸ್ ದೇವಿಯ ಕುಮಾರನಾದ ಹೋರಸ್. ಗ್ರೀಕರ ಬಾಯಲ್ಲಿ ಹಾರ್ಪೋಕ್ರಾಟಿಸ್ ಎನ್ನಿಸಿಕೊಂಡವನು. ತುಟಿಯ ಮೇಲಿನ ಬೆರಳು ಈಜಿಪ್ತದವರಿಗೆ ಎಳೆತನದ ಲಕ್ಷಣವಾಗಿದ್ದಿತು. ಗ್ರೀಕರೂ ರೋಮನರೂ ಅದನ್ನು ಮೌನದ ಸನ್ನೆಯೆಂದು ತಿಳಿದು, ಅವನನ್ನು ಮೌನದ ಅಧಿದೇವತೆಯನ್ನಾಗಿ ಮಾಡಿಬಿಟ್ಟರು! ನೆರೆಹೊರೆಯವರೇ ಹೀಗೆ ತಪ್ಪು ತಿಳಿದ ಮೇಲೆ, ತಕ್ಷಶಿಲೆಯ ಗೃಹಸ್ಥನು ಆ ಮಗುವನ್ನು ಯಾರೆಂದು ತಿಳಿದನೋ ಹೇಳುವದು ಹೇಗೆ?

ನಮ್ಮ ಮಗ್ಗುಲಿನ ಕೊಲ್ಲಾಪುರದಲ್ಲಿಯೂ ಇಂಥದೇ ಪ್ರಶ್ನೆಯು ಎದ್ದಿತು. ಪಂಚಗಂಗೆಯ ದಂಡೆಯ ಬ್ರಹ್ಮಪುರಿ ದಿಬ್ಬದಲ್ಲಿ 1944-45ರ ಸುಮಾರಿಗೆ ಕಂಚಿನ ವಸ್ತುಗಳ ದೊಡ್ಡ ಸಂಚಯವೊಂದು ಸಿಕ್ಕಿತು. ಈ ಶೋಧದಲ್ಲಿ ದುಡಿದ ಕೆ. ಜಿ. ಕುಂದಣಗಾರರು ರಾಜಾರಾಮ ಕಾಲೇಜಿನ ಕನ್ನಡ ಪಂಡಿತರು. ಉತ್ತರ ಕರ್ನಾಟಕ ಮತ್ತು ಕೊಲ್ಲಾಪುರ ಸಂಸ್ಥಾನದ ಶಾಸನಗಳನ್ನು 1939ರಲ್ಲಿಯೇ ಪ್ರಕಟಿಸಿದ್ದವರು. ಮರುವರ್ಷ ಡೆಕ್ಕನ್ ಕಾಲೇಜಿನ ಸಾಂಕಳಿಯಾ, ದೀಕ್ಷಿತ ಇವರು ಅಗೆತವನ್ನು ಮುಂದುವರಿಸಿ 1952ರಲ್ಲಿ ವರದಿಯನ್ನು ಹೊರಡಿಸಿದರು. ಆ ಸಂಚಯದೊಳಗೆ ಒಂದು ಗೇಣಿಗೆ ಮೀರದ, ಗಡ್ಡಧಾರಿಯಾದ ಪುರುಷಮೂರ್ತಿಯೊಂದಿತ್ತು. ಇವನು ಗ್ರೀಕರ ಸಮುದ್ರದೇವತೆಯಾದ ಪೊಸೈಡನ್. ಎತ್ತಿದ ಕೈಯೊಳಗಿನ ತ್ರಿಶೂಲವು ಕಳೆದುಹೋಗಿದೆ.

ತ್ರಿಶೂಲಧಾರಿಯನ್ನು ಸಾತವಾಹನರ ಕಾಲದ ಪ್ರಜೆಗಳು ಶಿವನೆಂದೇ ಪೂಜಿಸಿರಬಹುದೆಂದು ಕಲ್ಪಿಸುವದು ಸುಲಭ. ಆದರೆ ಅವನ ಸಂಗಡಿಗರನ್ನು ನೋಡಬೇಕು: ರೋಮದಿಂದ ಬಂದ ಹೂಜಿ, ಕನ್ನಡಿ; ಗ್ರೀಕ ಪುರಾಣದ ಪರ್ಸಿಯಸ್, ಆಂಡ್ರೊಮಿಡಾ ಇವರ ಉಬ್ಬುಚಿತ್ರವುಳ್ಳ ಬಿಲ್ಲೆ; ಇವುಗಳ ಜತೆಗೆ ಈ ನಾಡಿನಲ್ಲಿಯೇ ಎರಕಗೊಂಡ ಪಾತ್ರೆಗಳು, ಸವಾರರನ್ನು ಹೊತ್ತ ಚೆಲುವಾದ ಆನೆ. ಇದು ಗರ್ಭಗುಡಿಯ ಪರಿವಾರವಲ್ಲ. ಸಿರಿವಂತನೊಬ್ಬನ ಮನೆಯ ಸೊತ್ತು, ಇಲ್ಲವೆ ಕಂಚುಗಾರನ ಇಲ್ಲವೆ ವರ್ತಕನ ದಾಸ್ತಾನು. ಸಮುದ್ರರಾಜನು ಇಲ್ಲಿಗೆ ಸರಕಾಗಿಯೇ ಬಂದನೆಂಬುದು ಸಮಂಜಸವಾಗಿ ತೋರುತ್ತದೆ. ರೋಮದ ಸರಕು ಅಲೆಕ್ಸಾಂಡ್ರಿಯಾದಿಂದ ನೈಲ್ ನದಿಯ ಮೇಲೆ ಸಾಗಿ, ಒಂಟೆಗಳ ಮೇಲೆ ಮರಳುಗಾಡನ್ನು ದಾಟಿ, ಕೆಂಪು ಸಮುದ್ರದ ಬೆರೆನಿಕೆ ಮೊದಲಾದ ಬಂದರಗಳಲ್ಲಿ ಹಡಗನ್ನೇರಿ, ಮಳೆಗಾಳಿಯ ಬಲದಿಂದ ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿತ್ತು.

ಇದಕ್ಕೆ ಪ್ರತಿಯಾದ ನಿದರ್ಶನವು ಅದೇ ಬೆರೆನಿಕೆಯಲ್ಲಿ ದೊರೆತಿದೆ. ಅಲ್ಲಿಯ ಐಸಿಸ್ ದೇವಿಯ ಗುಡಿಯ ಆವರಣದಲ್ಲಿ 2022ರಲ್ಲಿ ಅಮೃತಶಿಲೆಯ ಬುದ್ಧಮೂರ್ತಿಯೊಂದು ಕಂಡುಬಂದಿತು. ಅದೇ ಗುಡಿಯಲ್ಲಿ ರೋಮದ ಚಕ್ರವರ್ತಿ ಫಿಲಿಪ್ಪನ ಕಾಲದ (244-249) ಸಂಸ್ಕೃತ ಶಾಸನವೂ ಸಿಕ್ಕಿದೆ. ಇಲ್ಲಿ ಸ್ಥಳ, ಲಿಪಿ, ಮೂರ್ತಿ ಮೂರೂ ಕೂಡಿ, ಭಾರತೀಯರು ಅಲ್ಲಿ ಸರಕನ್ನಷ್ಟೇ ಅಲ್ಲ, ಶ್ರದ್ಧೆಯನ್ನೂ ಇಳಿಸಿದ್ದರೆಂದು ಸಾಕ್ಷಿ ನುಡಿಯುತ್ತವೆ. ಒಂದೇ ಹಾದಿ, ಎರಡು ವಿಗ್ರಹಗಳು. ಅರ್ಥ ಮಾತ್ರ ಬೇರೆ.

ಈ ವಿವೇಕವು ಪಂಡಿತರಿಗಷ್ಟೇ ಸಲ್ಲತಕ್ಕದ್ದಲ್ಲ. ಸಾರವಾಡದ ಸುತ್ತಿನ ಡೋಣಿ ದಂಡೆಯ ಎರೆಹೊಲದಲ್ಲಿ ನೇಗಿಲಿಗೆ ಲೋಹದ ಚೂರೊಂದು ತಾಗಿದರೆ, ಒಕ್ಕಲಿಗನು ಅದನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿಸುವದಾಗಲಿ, ಕಂಚುಗಾರನಿಗೆ ತೂಕಕ್ಕೆ ಮಾರುವದಾಗಲಿ ಆಗಬಾರದು. ಹೊಲವಾವುದು, ಎಷ್ಟು ಆಳ, ಜತೆಗೇನಿತ್ತು ಎಂಬ ಮೂರು ಸಂಗತಿಗಳನ್ನು ಗುರುತಿಟ್ಟು ಸರಕಾರಕ್ಕೆ ತಿಳಿಸಬೇಕು; ನೆಲದೊಳಗಿನ ನಿಧಿಯನ್ನು ತಿಳಿಸಬೇಕೆಂಬ ಕಾಯಿದೆಯು 1878ರಷ್ಟು ಹಿಂದೆಯೇ ಹುಟ್ಟಿದೆ. ಬ್ರಹ್ಮಪುರಿಯ ಪೊಸೈಡನ್ನನು ಒಂಟಿಯಾಗಿ ಸಂತೆಯಲ್ಲಿ ಮಾರಾಟವಾಗಿದ್ದರೆ, ಅವನು ಕೊಲ್ಲಾಪುರಕ್ಕೆ ಬಂದಿದ್ದನೆಂಬ ಮಾತನ್ನೇ ಇಂದು ಯಾರೂ ನಂಬುತ್ತಿರಲಿಲ್ಲ.